ವುಕೈರಿನ ಚಳಿಯೂ ಗ್ಯಾರೇಜಿನ ಹೀಟರೂ

ಎಲ್ಲರಿಗೂ ನಮಸ್ಕಾರ. ಊರಲ್ಲಿ ಕೂತು ಓದುವವರಿಗೂ, ನನ್ನ ಹಾಗೆ ಮರಳುಗಾಡಿಗೆ ಬಂದು ಕೂತವರಿಗೂ. ನಾನು ಬರೆಯುವವನಲ್ಲ, ಮರಗೆಲಸದವನು. ಕಂಪ್ಯೂಟರಿನಲ್ಲಿ ಕನ್ನಡ ಒತ್ತಲು ಕಲಿತು ಆರು ತಿಂಗಳೂ ಆಗಿಲ್ಲ. ಒಂದೇ ಬೆರಳಲ್ಲಿ ಒತ್ತುತ್ತೇನೆ. ಒತ್ತಕ್ಷರ ಬಂದಲ್ಲೆಲ್ಲ ಎರಡು ಸಲ ಅಳಿಸಿ ಮೂರನೇ ಸಲ ಸರಿಮಾಡುತ್ತೇನೆ. ಈ ಒಂದು ಪುಟ ಆಗುವಷ್ಟರಲ್ಲಿ ನಾನು ಒಂದು ಸ್ಟೂಲು ಮಾಡಿ ಮುಗಿಸುತ್ತಿದ್ದೆ. ಆದ್ದರಿಂದ ಎಲ್ಲಾದರೂ ಅಕ್ಷರ ತಪ್ಪಿದ್ದರೆ, ಮಾತು ಅಡ್ಡಾದಿಡ್ಡಿ ಹೋಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮತ್ತೆ ಹತ್ತನೇ ಕ್ಲಾಸು ಕಟ್ಟಿದ್ದು ಇಪ್ಪತ್ತೊಂಬತ್ತನೇ ವಯಸ್ಸಿಗೆ. ವಿದ್ಯೆಯ ಆಸೆಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಹತ್ತನೇ ಪಾಸಾದವರ ಪಾಸ್‌ಪೋರ್ಟಿಗೆ ಎಮಿಗ್ರೇಷನ್‌ನ ರಗಳೆ ಇಲ್ಲ ಎಂದು ಏಜೆಂಟ್ ಹೇಳಿದ್ದ, ಅದಕ್ಕೆ. ಪರೀಕ್ಷೆಯ ದಿನ ನಾನು ಕೋಣೆಯ ಒಳಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಎದ್ದು ನಿಂತು ನಮಸ್ತೆ ಸಾರ್ ಎಂದರು. ನಾನೂ ಗಾಬರಿಯಲ್ಲಿ ನಮಸ್ತೆ ಎಂದು ಹೇಳಿ, ಅವರ ನಡುವೆ ಹೋಗಿ ಬೆಂಚಿನಲ್ಲಿ ಕೂತೆ. ಇಂಗ್ಲಿಷ್ ಎರಡು ಸಲ ಹೋಯಿತು. ಮೂರನೇ ಸಲ ಬಂತು. ಹಾಗೆ ಕತಾರಿಗೆ ಬಂದೆ. ಈಗ ಮೆಸಯೀದಿನ ಒಂದು ಕಂಪೆನಿಯಲ್ಲಿ ಮೆಂಟೆನೆನ್ಸ್ ಫೋರ್‌ಮನ್. ವಾರದ ಐದು ದಿನ ಬೆಳಿಗ್ಗೆ ಐದಕ್ಕೆ ಕಂಪೆನಿ ಬಸ್ಸು, ಉಳಿದ ಎರಡು ದಿನ ನನ್ನ ಉಳಿ, ನನ್ನ ಕೀಸುಳಿ, ನನ್ನ ಗ್ಯಾರೇಜು.

ಗ್ಯಾರೇಜಿನ ಕಥೆ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ನನ್ನ ಹೆಂಡತಿ ಸುಗುಣ ಮನೆ ಗುಡಿಸುವಾಗ ಮಂಚದ ಅಡಿಯಿಂದ ಒಂದು ಹೀಟರ್ ಎಳೆದು ಹೊರಗೆ ಹಾಕಿದಳು. ಒಳಗೆ ಎಣ್ಣೆ ತುಂಬಿ, ಹೊರಗೆ ಹಪ್ಪಳ ಸಾಲಾಗಿ ನಿಲ್ಲಿಸಿದ ಹಾಗೆ ತಗಡಿನ ಪಟ್ಟಿ ಇರುತ್ತದಲ್ಲ, ಆ ಜಾತಿಯದ್ದು. ಅದರ ಮೇಲೆ ಒಂದು ಬೆರಳು ದಪ್ಪ ಧೂಳು.

"ಇದನ್ನು ಬಿಸಾಡುದಾ, ಇಡುದಾ?" ಎಂದು ಕೇಳಿದಳು. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಎಲ್ಲರಿಗೂ ಅರ್ಥ ಆಗಲೆಂದು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಇರ್ಲಿ," ಎಂದೆ.

"ಎಂತಕ್ಕೆ? ಇನ್ನೊಂದು ಸಲ ಒಡೀಲಿಕ್ಕಾ?"

ಒಡೆದದ್ದು ಏನು ಎಂದು ಮುಂದೆ ಹೇಳುತ್ತೇನೆ. ಮೊದಲು ಚಳಿಯ ವಿಷಯ.

ಕತಾರಿನಲ್ಲಿ ಚಳಿ ಎಂದರೆ ಊರಿನವರು ನಗುತ್ತಾರೆ. ಫೋನಿನಲ್ಲಿ ತಂಗಿ ಕೇಳುತ್ತಾಳೆ, "ಅಣ್ಣ, ಅಲ್ಲಿ ಮೊಟ್ಟೆ ರಸ್ತೆ ಮೇಲೆ ಬೇಯ್ತದಂತಲ್ಲ?" ಜೂನಿನಲ್ಲಿ ಬೇಯುತ್ತದೋ ಏನೋ, ನಾನು ಹಾಕಿ ನೋಡಿಲ್ಲ. ಡಿಸೆಂಬರ್, ಜನವರಿಯಲ್ಲಿ ಬಂದು ನೋಡಲಿ. ಬಡಗಣ ಗಾಳಿ ಶುರುವಾದರೆ ಕಿವಿ ಕಿತ್ತು ಕೈಗೆ ಬಂದ ಹಾಗೆ ಆಗುತ್ತದೆ. ಅದರಲ್ಲೂ ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ ಆ ಚಳಿಗಾಲ ಮಳೆಯೂ ಬಂತು, ಚಳಿಯೂ ಬಂತು. ಕರಾವಳಿಯಲ್ಲಿ ಹುಟ್ಟಿದ ನಮ್ಮ ಬಳಿ ಸ್ವೆಟರ್ ಎಂಬ ವಸ್ತುವೇ ಇರಲಿಲ್ಲ. ನಾನು ಕಂಪೆನಿ ಕೊಟ್ಟ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡೇ ಮಲಗುತ್ತಿದ್ದೆ. ಕತ್ತಲಲ್ಲಿ ಅದರ ಪಟ್ಟಿ ಹೊಳೆಯುತ್ತದೆ. ರಸ್ತೆ ರಿಪೇರಿ ನಡೆಯುವ ಜಾಗದಲ್ಲಿ ಮಲಗಿದ ಹಾಗೆ ಆಗುತ್ತದೆ ಎಂದು ಸುಗುಣ ಹೇಳುತ್ತಿದ್ದಳು.

ನಾವು ಇರುವುದು ಅಲ್ ವುಕೈರಿನಲ್ಲಿ, ಅಬು ರಾಶಿದ್ ಎಂಬ ಕತಾರಿ ಹಿರಿಯರ ಕಾಂಪೌಂಡಿನ ಒಳಗೆ. ಮುಂದೆ ಅವರ ದೊಡ್ಡ ಮನೆ, ಹಿಂದೆ ಎರಡು ಚಿಕ್ಕ ಬಿಡಾರ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಹಮೀದಾಕ ಮತ್ತು ಅವರ ಹೆಂಡತಿ ಝುಬೈದ. ಹಮೀದಾಕ ಬಂಟ್ವಾಳ ಕಡೆಯ ಬ್ಯಾರಿ, ಪಕ್ಕದ ವಕ್ರ ಎಂಬ ಊರಿನಲ್ಲಿ ಕರೆಂಟಿನ ಸಾಮಾನಿನ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಇದ್ದವರು. ನಮ್ಮ ಬಿಡಾರದ ಪಕ್ಕದಲ್ಲಿ ಅಬು ರಾಶಿದ್ ಅವರ ಹಳೆಯ ಗ್ಯಾರೇಜು. ಅವರ ಈಗಿನ ಕಾರು ಅದರೊಳಗೆ ಹಿಡಿಯುವುದಿಲ್ಲ, ಅಷ್ಟು ದೊಡ್ಡದು. ಹಾಗಾಗಿ ಗ್ಯಾರೇಜು ಖಾಲಿ ಬಿದ್ದಿತ್ತು. ಅವರ ಬಾಗಿಲೊಂದರ ತಿರುಗಣೆ ನಾನು ಸರಿಮಾಡಿ ಕೊಟ್ಟ ದಿನ ಅವರೇ ಬೀಗದಕೈ ಕೊಟ್ಟು, "ಯಲ್ಲಾ, ನಿನ್ನ ಸಾಮಾನು ಅಲ್ಲಿ ಇಟ್ಟುಕೋ" ಎಂದರು. ಆ ದಿನದಿಂದ ನನ್ನನ್ನು ಅವರು ಕರೆಯುವುದು ಮುಹಂದಿಸ್, ಅಂದರೆ ಇಂಜಿನಿಯರ್, ಎಂದು. ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಎರಡು ಸಲ ಹೋದವನು ಒಂದು ತಿರುಗಣೆಯಿಂದ ಇಂಜಿನಿಯರ್ ಆದೆ.

ಗ್ಯಾರೇಜು ಎಂದರೆ ಸಿಮೆಂಟ್ ಬ್ಲಾಕಿನ ಮೂರು ಗೋಡೆ, ಮೇಲೆ ತಗಡು, ಮುಂದೆ ಶಟರ್. ಬೇಸಗೆಯಲ್ಲಿ ಅದರೊಳಗೆ ನಿಲ್ಲಲಿಕ್ಕೆ ಸಾಧ್ಯವಿಲ್ಲ, ಆದ್ದರಿಂದ ನಾನು ಕೆಲಸ ಇಟ್ಟುಕೊಳ್ಳುವುದು ಚಳಿಗಾಲದಲ್ಲೇ. ಆದರೆ ಚಳಿಗಾಲದಲ್ಲಿ ಅಂಟು ಹಿಡಿಯುವುದಿಲ್ಲ. ಬಿಳಿ ಅಂಟು ಒಂದು ಹದಕ್ಕಿಂತ ತಣ್ಣಗಾದರೆ ಒಣಗುವ ಬದಲು ಸುಣ್ಣದ ಹಾಗೆ ಬಿಳಿಚಿ ಹುಡಿಯಾಗುತ್ತದೆ. ಮೊದಲನೇ ಚಳಿಗಾಲ ನನಗೆ ಅದು ಗೊತ್ತಿರಲಿಲ್ಲ. ಇಲ್ಲಿನ ನಮ್ಮ ಊರಿನವರ ಸಂಘಕ್ಕೆ ಪುಸ್ತಕದ ಕಪಾಟು ಮಾಡಿ ಕೊಟ್ಟೆ. ಅಧ್ಯಕ್ಷರು ಎಲ್ಲರ ಎದುರು ನನ್ನ ಕೈಗುಣ ಹೊಗಳಿ, ಮೊದಲ ಪುಸ್ತಕ ಇಟ್ಟರು. ಎರಡನೆಯದೂ ಇಟ್ಟರು. ಮೂರನೆಯದಕ್ಕೆ ಕಪಾಟು ಪಕ್ಕಕ್ಕೆ ವಾಲಿ, ಮೆಲ್ಲ ಬಂದು ಅವರ ಹೆಗಲ ಮೇಲೆ ತಲೆ ಇಟ್ಟಿತು.

ಅದರ ಮರುದಿನವೇ ಗ್ಯಾರೇಜಿಗೆ ಬಿಸಿ ಹಿಡಿಸುವ ಕೆಲಸ ಶುರುಮಾಡಿದೆ.

ಮೊದಲು ಊರಿನ ಬುದ್ಧಿಯೇ ಓಡಿತು. ಕೋಳಿಮರಿಗಳಿಗೆ ಬಲ್ಬು ಉರಿಸಿ ಬೆಚ್ಚಗೆ ಇಡುತ್ತಾರಲ್ಲ, ಹಾಗೆ ಇನ್ನೂರು ವ್ಯಾಟಿನ ನಾಲ್ಕು ಬಲ್ಬು ತೂಗುಹಾಕಿದೆ. ಬೆಳಕು ಬಂತು, ಬಿಸಿ ಬರಲಿಲ್ಲ. ಶಟರಿನ ಸಂದಿಯಿಂದ ಬೆಳಕು ಹೊರಗೆ ಹೋಗಿ ಕಾಂಪೌಂಡಿನಲ್ಲಿ ಮದುವೆ ಮನೆಯ ಕಳೆ. ಆಮೇಲೆ ಅಬು ರಾಶಿದ್ ಅವರು ಬಂದವರನ್ನು ಕೂರಿಸುವ ಬೈಠಕ್ಕಿನಲ್ಲಿ ಇದ್ದ ಕೆಂಡದ ತಟ್ಟೆ ಕಂಡು, ಅಂಥದ್ದೇ ಒಂದು ತಂದು ಇದ್ದಿಲು ಹೊತ್ತಿಸಲು ಕೂತೆ. ಆ ಹೊತ್ತಿಗೆ ಹಮೀದಾಕ ಬಂದರು.

"ಎಂತ ಮಾಡ್ತಾ ಇದ್ದೀ?"

"ಬಿಸಿ ಮಾಡ್ತಾ ಇದ್ದೇನೆ ಹಮೀದಾಕ."

"ಶಟರ್ ಹಾಕಿಯಾ? ಅದ್ರ ಮೇಲೆ ಪಾಲಿಶಿನ ಡಬ್ಬಿ ಪಕ್ಕದಲ್ಲಿ ಇಟ್ಟುಕೊಂಡಾ? ಮಾರಾಯಾ, ನಿನಗೆ ಸಾಯ್ಲಿಕ್ಕೆ ಇಷ್ಟು ಅರ್ಜೆಂಟಿದ್ರೆ ನಮ್ಮ ಬಿಡಾರದಿಂದ ದೂರ ಹೋಗಿ ಸಾಯಿ. ಹೊಗೆ ಕಾಣುದಿಲ್ಲ, ವಾಸ್ನೆ ಇಲ್ಲ, ಕೂತಲ್ಲೇ ಹೋಗ್ತಿ. ಮತ್ತೆ ನಿನ್ನ ಹೆಣ ಊರಿಗೆ ಕಳಿಸ್ಲಿಕ್ಕೆ ಕಾಗದಪತ್ರಕ್ಕೆ ಓಡುದು ಯಾರು? ನಾನು!"

ಕೆಂಡ ಅಲ್ಲಿಗೆ ಖಲಾಸ್. ಆ ವಾರವೇ ಅವರು ಅಂಗಡಿಯಿಂದ ಈ ಎಣ್ಣೆ ಹೀಟರ್ ತಂದುಕೊಟ್ಟರು. ಡಬ್ಬಿ ನೆಗ್ಗಿದೆ ಎಂದು ಗಿರಾಕಿ ಬಿಟ್ಟುಹೋದದ್ದಂತೆ. ನಾನು ಶಟರಿನ ಸಂದಿಗೆಲ್ಲ ಅಕ್ಕಿ ಗೋಣಿ ತುರುಕಿದೆ, ತಗಡಿನ ಅಡಿಗೆ ರಟ್ಟಿನ ಪೆಟ್ಟಿಗೆ ಬಿಚ್ಚಿ ಹೊಡೆದೆ. ಎರಡು ಗಂಟೆಯಲ್ಲಿ ಗ್ಯಾರೇಜು ನಮ್ಮೂರಿನ ಹಾಗೆ ಬೆಚ್ಚಗಾಯಿತು. ಅಂಟು ಹಿಡಿಯಿತು.

ಅಂಟು ಹಿಡಿದದ್ದಷ್ಟೇ ಅಲ್ಲ, ಸುಗುಣನ ಹಿಟ್ಟೂ ಹುಳಿ ಬಂತು. ಚಳಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬರುವುದಿಲ್ಲ ಎಂಬುದು ಗಲ್ಫಿನಲ್ಲಿ ಇರುವ ಎಲ್ಲ ಹೆಂಗಸರ ದೂರು. ಅಡುಗೆ ಮನೆಯಲ್ಲಿ ಕಂಬಳಿ ಹೊದೆಸಿ ಇಟ್ಟ ಹಿಟ್ಟು ಎರಡು ದಿನವಾದರೂ ಅಲ್ಲಾಡದೆ ಕೂತಿರುತ್ತಿತ್ತು. ಒಂದು ಗುರುವಾರ ಸಂಜೆ ಅವಳು ಪಾತ್ರೆ ತಂದು ನನ್ನ ಕೆಲಸದ ಮೇಜಿನ ಅಡಿ ಇಟ್ಟಳು. ಶುಕ್ರವಾರ ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿ ಹೊರಗೆ ಇಣುಕುತ್ತಿತ್ತು. ಸುದ್ದಿ ಝುಬೈದಳಿಗೆ ಹೋಯಿತು. ಅವಳ ಪಾತ್ರೆಯೂ ಬಂತು. ಬಟ್ಟೆ ಹೊರಗೆ ಒಣಗುವುದಿಲ್ಲ ಎಂದು ಒಗೆದ ಬಟ್ಟೆಯೂ ಬಂತು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದರು. ನಾನು ಲುಂಗಿಗಳ ಅಡಿಯಲ್ಲಿ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದೆ. ಇಡ್ಲಿಗೆ ಟರ್ಪೆಂಟೈನಿನ ಘಮ, ನಾನು ಮಾಡಿದ ಕಾಯಿ ಹೆರೆಯುವ ಮಣೆಗೆ ಹುಳಿ ಹಿಟ್ಟಿನ ಘಮ.

"ಇದು ವರ್ಕ್‌ಶಾಪಾ, ಧರ್ಮಛತ್ರವಾ?" ಎಂದು ಒಂದು ದಿನ ಬೊಬ್ಬೆ ಹಾಕಿದೆ.

"ಮತ್ತೆ ನೀವು ತಿನ್ನುವ ಇಡ್ಲಿ ಎಲ್ಲಿಂದ ಬರುದು, ಫ್ಯಾಕ್ಟರಿಯಿಂದಲಾ?" ಎಂದಳು ಸುಗುಣ. ಅಲ್ಲಿಗೆ ಮಾತು ಮುಗಿಯಿತು.

ಎರಡು ಚಳಿಗಾಲ ಹೀಗೆ ನಡೆಯಿತು. ಸ್ಟೂಲು, ಮಣೆ, ದೇವರ ಮಂಟಪ, ಝುಬೈದಳಿಗೆ ಬಟ್ಟೆ ಕಪಾಟು, ಏನು ಮಾಡಿದರೂ ಒಂದು ಕೂದಲಿನಷ್ಟು ಬಿರುಕು ಬಂದದ್ದಿಲ್ಲ. ಅದು ನನ್ನ ಕೈಗುಣ ಎಂದು ತಿಳಿದಿದ್ದೆ.

ಏಷ್ಯನ್ ಗೇಮ್ಸ್ ಮುಗಿದ ಮೇಲೆ ಒಂದು ಬುಧವಾರ ಸಂಜೆ ಅಬು ರಾಶಿದ್ ಗ್ಯಾರೇಜಿಗೆ ಬಂದರು. ಅವರ ಹಿಂದೆ ಇಬ್ಬರು ಒಂದು ಹಳೆಯ ಮರದ ಪೆಟ್ಟಿಗೆ ಹೊತ್ತುಕೊಂಡು ಬಂದರು. ಮೈಮೇಲೆ ಹಿತ್ತಾಳೆಯ ಮೊಳೆಯಿಂದ ಹೂವಿನ ಚಿತ್ರ, ಅಡಿಯಲ್ಲಿ ಮೂರು ಪುಟ್ಟ ಖಾನೆ. ಮುಚ್ಚಳಕ್ಕೆ ಮೂರು ಹಲಗೆ ಸೇರಿಸಿದ್ದು, ಅದರಲ್ಲಿ ಒಂದು ಬಿಟ್ಟುಕೊಂಡಿತ್ತು. ಒಳಮೈಗೆ ಹೊಡೆದಿದ್ದ ಅಡ್ಡಪಟ್ಟಿ ಕಳಚಿ ನೇತಾಡುತ್ತಿತ್ತು.

ಅಬು ರಾಶಿದ್ ಅವರ ಮಾತು ಅರ್ಧ ಅರಬಿ, ಅರ್ಧ ಹಿಂದಿ. ನಾನು ಅರ್ಥ ಮಾಡಿಕೊಂಡ ಹಾಗೆ ಹೇಳುತ್ತೇನೆ. "ಇದು ನನ್ನ ತಾಯಿಯದ್ದು. ಅವಳ ಮದುವೆಗೆ ಬಂದದ್ದು. ಮುಂದಿನ ತಿಂಗಳು ನನ್ನ ಮಗಳು ಮರಿಯಮ್‌ಗೆ ಮದುವೆ. ಅವಳಿಗೆ ಅಂಗಡಿಯ ಹೊಸದು ಏನೂ ಬೇಡವಂತೆ, ಅಜ್ಜಿಯ ಪೆಟ್ಟಿಗೆ ಬೇಕಂತೆ. ನೀನು ಸರಿ ಮಾಡುತ್ತೀಯೋ, ಅಲ್ಲ ಸೂಕಿನ ಅಂಗಡಿಗೆ ಕಳಿಸಲೋ?"

ನಾನು ಮೂಗು ಹತ್ತಿರ ತಂದು ಮೂಸಿದೆ. ತೇಗ. ನಮ್ಮ ಕಡೆಯಿಂದಲೇ ಹಾಯಿ ಹಡಗಿನಲ್ಲಿ ಬಂದ ಮರ ಇರಬೇಕು. ಎದೆ ಉಬ್ಬಿತು. "ಮಾಫಿ ಮುಶ್ಕಿಲ್, ಅಬು ರಾಶಿದ್. ಹತ್ತು ದಿನ ಸಾಕು. ಇದು ಇನ್ನು ನೂರು ವರ್ಷ ಬಾಳುತ್ತದೆ" ಎಂದೆ. ತೊಂದರೆಯಿಲ್ಲ ಎಂಬ ಆ ಮಾಫಿ ಮುಶ್ಕಿಲನ್ನು ಗಲ್ಫಿನಲ್ಲಿ ಯಾರು ಹೇಳಿದರೂ ಸ್ವಲ್ಪ ಹೆದರಬೇಕು. ಆ ದಿನ ಹೇಳಿದವನು ನಾನೇ ಆದ್ದರಿಂದ ಹೆದರಿಕೆ ಆಗಲಿಲ್ಲ.

ಇಲ್ಲಿ ನನ್ನ ಅಪ್ಪನ ಸಂಗತಿ ಸ್ವಲ್ಪ ಹೇಳಬೇಕು. ಅಪ್ಪನೂ ಮರಗೆಲಸದವರೇ. ವರ್ಷದ ನಾಲ್ಕು ತಿಂಗಳು ನೀರಿನಲ್ಲೇ ನೆನೆಯುವ ಊರು ನಮ್ಮದು. ಅಲ್ಲಿ ಮರಗೆಲಸದವನ ಜಗಳ ಎಲ್ಲ ಪಸೆಯೊಂದಿಗೆ. ಬಾಗಿಲು ಉಬ್ಬುತ್ತದೆ, ಕಿಟಕಿ ಕಚ್ಚುತ್ತದೆ, ಹಲಗೆಗೆ ಬೂಸಲು ಬರುತ್ತದೆ. ಅಪ್ಪ ಒಳ್ಳೆಯ ಹಲಗೆಗಳನ್ನೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ವರ್ಷಗಟ್ಟಲೆ ಒಣಗಿಸುತ್ತಿದ್ದರು. ನಾನು ಮಳೆಯಲ್ಲಿ ನೆನೆದು ಬಂದು ಕೆಲಸದ ಚಾವಡಿಗೆ ಕಾಲಿಟ್ಟರೆ, "ಹೊರಗೆ ಹೋಗಿ ಮೈ ಒರಸ್ಕೊಂಡು ಬಾ, ಮರಕ್ಕೆ ಪಸೆ ತಾಗ್ತದೆ" ಎಂದು ಬೈಯುತ್ತಿದ್ದರು. ಮಗನಿಗೆ ಶೀತ ಆಗುತ್ತದೆ ಎಂದು ಅವರು ಹೇಳಿದ ನೆನಪು ನನಗಿಲ್ಲ. ಎಲುಬಿನಿಂದ ಮಾಡಿದ ಸರೇಸು ಎಂಬ ಅಂಟು ಕುದಿಸಿ ಹಚ್ಚುತ್ತಿದ್ದರು, ಅದರ ನಾತಕ್ಕೆ ಬೆಕ್ಕು ಕೂಡ ಓಡುತ್ತಿತ್ತು. ಶಾಲೆಯಲ್ಲಿ ಐದು ವರ್ಷ ಕಲಿತದ್ದು ಮರೆತು ಹೋಗಿದೆ. ಚಾವಡಿಯಲ್ಲಿ ಕಲಿತದ್ದು ಮಾತ್ರ ತಲೆಯಲ್ಲಿ ಗಟ್ಟಿ ಕೂತಿದೆ: ಮರ ಒಣಗಬೇಕು, ಚೆನ್ನಾಗಿ ಒಣಗಬೇಕು.

ಹಾಗಾಗಿ ಆ ಪೆಟ್ಟಿಗೆ ಬಂದ ದಿನ ನಾನು ಮೊದಲು ಮಾಡಿದ ಕೆಲಸ, ಗ್ಯಾರೇಜಿನಿಂದ ಪಸೆ ಇರುವುದನ್ನೆಲ್ಲ ಹೊರಗೆ ಹಾಕಿದ್ದು. ಹಿಟ್ಟಿನ ಪಾತ್ರೆ ಹೊರಗೆ. ಒಗೆದ ಬಟ್ಟೆ ಹೊರಗೆ. ಕೈ ತೊಳೆಯುವ ಬಕೆಟ್ ಕೂಡ ಹೊರಗೆ.

"ಎರಡು ವರ್ಷ ಇಲ್ಲದ ಮಡಿ ಈಗ ಎಂತಕ್ಕೆ?" ಎಂದಳು ಸುಗುಣ.

"ನಿನಗೆ ಗೊತ್ತಾಗುದಿಲ್ಲ. ಇದು ಅಬು ರಾಶಿದ್ ಅವರ ಅಮ್ಮನ ಪೆಟ್ಟಿಗೆ. ಒಂದು ಹನಿ ಪಸೆ ಇರಬಾರ್ದು."

"ಹಾಗಾದ್ರೆ ನೀವು ಸ್ನಾನ ಮಾಡಿ ಹೋಗ್ಬೇಡಿ," ಎಂದು ಪಾತ್ರೆ ಎತ್ತಿಕೊಂಡು ಹೋದಳು.

ಹಲಗೆಗಳನ್ನು ಅಂಟು ಹಚ್ಚಿ ಕ್ಲ್ಯಾಂಪಿನಲ್ಲಿ ಬಿಗಿದೆ. ಒಳಗಿನ ಅಡ್ಡಪಟ್ಟಿಯನ್ನು ಹಳಬರು ಮೊಳೆಯಲ್ಲಿ ಸಡಿಲವಾಗಿ ಕೂರಿಸಿದ್ದರು. ಮೊಳೆಯ ತೂತುಗಳೂ ಉದ್ದುದ್ದ, ಮೊಳೆ ಆಚೆಈಚೆ ಸರಿಯುವಷ್ಟು. ಎಷ್ಟು ಒರಟು ಕೆಲಸ ಎಂದು ಮನಸ್ಸಿನಲ್ಲೇ ನಕ್ಕು, ಪಟ್ಟಿಯನ್ನು ಉದ್ದಕ್ಕೂ ಅಂಟು ಹಚ್ಚಿ ಗಟ್ಟಿ ಕೂರಿಸಿದೆ. ಹೀಟರನ್ನು ಕೊನೆಯ ನಂಬರಿಗೆ ತಿರುಗಿಸಿದೆ. ಹಗಲು ರಾತ್ರಿ ಒಂಬತ್ತು ದಿನ ಅದು ಉರಿಯಿತು. ಒಳಗೆ ಹೋದರೆ ತುಟಿ ಒಡೆಯುತ್ತಿತ್ತು. ಮರ ಚೆನ್ನಾಗಿ ಒಣಗುತ್ತಾ ಇದೆ ಎಂದು ನನಗೆ ಸಂತೋಷ.

ಹತ್ತನೇ ದಿನ ಶುಕ್ರವಾರ. ಪಾಲಿಶ್ ಹಚ್ಚುವ ಮೊದಲು ಒಂದು ಗ್ಲಾಸು ಚಾ ಕುಡಿಯೋಣ ಎಂದು ಸ್ಟೂಲಿನಲ್ಲಿ ಕೂತಿದ್ದೆ. ಟಪ್ ಎಂದು ಒಂದು ಸದ್ದು. ಬಲ್ಬು ಹೋಯಿತೋ ಎಂದು ಮೇಲೆ ನೋಡಿದೆ. ಬಲ್ಬು ಇತ್ತು. ಮುಚ್ಚಳದ ನಡುವಿನ ಹಲಗೆಯಲ್ಲಿ, ಪೆಟ್ಟಿಗೆ ಬಂದಾಗ ಸರಿಯಾಗಿಯೇ ಇದ್ದ ಒಳ್ಳೆಯ ಹಲಗೆಯಲ್ಲಿ, ಒಂದೂವರೆ ಗೇಣು ಉದ್ದದ ಬಿರುಕು. ನನ್ನ ಕಂಪೆನಿಯ ಗುರುತಿನ ಕಾರ್ಡು ಅದರೊಳಗೆ ಇಳಿಯಿತು.

ಚಾ ತಣ್ಣಗಾಗುವ ತನಕ ಅಲ್ಲೇ ಕೂತಿದ್ದೆ. ಮದುವೆಗೆ ಹದಿನಾರು ದಿನ ಇತ್ತು.

ಹಮೀದಾಕ ಬಂದು ನೋಡಿದರು. "ನೀನು ಮರದ ಹುಡಿ, ಅಂಟು ಕಲಸಿ ಮುಚ್ಚಿಬಿಡು. ಮೇಲಿಂದ ಪಾಲಿಶ್ ಹೊಡಿ. ಅವ್ರಿಗೆ ಎಂತ ಗೊತ್ತಾಗ್ತದೆ? ನಿನ್ನ ಕೈಯಲ್ಲಿ ಆಗುದಿಲ್ವಾ?"

ಆಗುತ್ತಿತ್ತು. ನಾನು ಮುಚ್ಚಿದರೆ ನನ್ನ ಅಪ್ಪನಿಗೂ ಗೊತ್ತಾಗದ ಹಾಗೆ ಮುಚ್ಚುತ್ತಿದ್ದೆ. ಆದರೆ ಮುಚ್ಚಿದ್ದು ಎಷ್ಟು ದಿನ? ಬೇಸಗೆಯಲ್ಲಿ ಕಡಲ ಕಡೆಯಿಂದ ಪಸೆ ಗಾಳಿ ಬಂದಾಗ ಮರ ಮತ್ತೆ ಉಬ್ಬುತ್ತದೆ. ತುಂಬಿಸಿದ ಹುಡಿ ದಾರಿ ಬಿಡುವುದಿಲ್ಲ, ಹಲಗೆ ಪಕ್ಕದಲ್ಲಿ ಒಡೆಯುತ್ತದೆ. ಅಷ್ಟೊತ್ತಿಗೆ ಪೆಟ್ಟಿಗೆ ಮರಿಯಮ್‌ಳ ಮನೆಯಲ್ಲಿ ಇರುತ್ತದೆ. ಗಂಡನ ಮನೆಯವರ ಎದುರು ಅಜ್ಜಿಯ ಪೆಟ್ಟಿಗೆ ಒಡೆದು ನಿಲ್ಲುತ್ತದೆ.

ಸುಗುಣ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. "ಹಿಟ್ಟಿನ ಪಾತ್ರೆ ಇದ್ದಾಗ ಒಂದೂ ಒಡೀಲಿಲ್ಲ," ಎಂದಳು. ತಮಾಷೆಗೆ ಹೇಳಿದಳೋ ಬೇಸರದಲ್ಲಿ ಹೇಳಿದಳೋ ಗೊತ್ತಿಲ್ಲ. ನನಗೆ ಮಾತ್ರ ಆಗಲೇ ತಲೆಗೆ ಹೋಯಿತು. ಎರಡು ಚಳಿಗಾಲ ನನ್ನ ಮರವನ್ನು ಕಾಪಾಡಿದ್ದು ನನ್ನ ಕೈಗುಣ ಅಲ್ಲ. ಇವರಿಬ್ಬರ ಹಿಟ್ಟು, ಒದ್ದೆ ಲುಂಗಿ, ಒದ್ದೆ ಸೀರೆ. ಬಿಸಿ ಹೀಟರ್ ಎಳೆದುಕೊಂಡ ಪಸೆಯನ್ನು ಅವು ವಾಪಸು ಕೊಡುತ್ತಿದ್ದವು. ನಮ್ಮೂರಿನ ಮರಕ್ಕೆ ನೀರು ಹೆಚ್ಚು, ಒಣಗಿಸಬೇಕು. ಎಪ್ಪತ್ತು ವರ್ಷ ಇಲ್ಲೇ ಇದ್ದು ಒಣಗಿದ ಮರವನ್ನು ನಾನು ಇನ್ನೂ ಒಣಗಿಸಲು ಹೊರಟಿದ್ದೆ.

"ಹೋಗಿ ಹೇಳಿ ಬನ್ನಿ," ಎಂದಳು. "ಅವ್ರೇ ನೋಡಿ ಗೊತ್ತಾಗುದಕ್ಕಿಂತ ನೀವೇ ಹೇಳುದು ಒಳ್ಳೇದು."

ಮಧ್ಯಾಹ್ನದ ನಂತರದ ನಮಾಜು ಮುಗಿದ ಮೇಲೆ ಅಬು ರಾಶಿದ್ ಅವರ ಬೈಠಕ್ಕಿಗೆ ಹೋದೆ. ಕೂರಿಸಿದರು. ಚಿಕ್ಕ ಕಪ್ಪಿನಲ್ಲಿ ಏಲಕ್ಕಿ ಹಾಕಿದ ಕಾಫಿ ಬಂತು. ಅಲ್ಲಿನ ಪದ್ಧತಿ ನಿಮಗೆ ಗೊತ್ತಿರಬಹುದು. ಸಾಕು ಎಂದಾದರೆ ಕಪ್ಪನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು, ಇಲ್ಲವಾದರೆ ಹಾಕುತ್ತಲೇ ಇರುತ್ತಾರೆ. ನನಗೂ ಗೊತ್ತು. ಆದರೆ ಕಪ್ಪು ಅಲ್ಲಾಡಿಸಿದರೆ ಕಾಫಿ ಮುಗಿಯುತ್ತದೆ, ಕಾಫಿ ಮುಗಿದರೆ ಬಂದ ವಿಷಯ ಹೇಳಬೇಕು. ನಾನು ಅಲ್ಲಾಡಿಸಲಿಲ್ಲ. ಐದು ಕಪ್ಪು ಆಯಿತು. ಆರನೆಯದಕ್ಕೆ ಅಬು ರಾಶಿದ್ ಅವರೇ ನನ್ನ ಕೈಯಿಂದ ಕಪ್ಪು ತೆಗೆದು ಕೆಳಗೆ ಇಟ್ಟು, "ಮುಹಂದಿಸ್, ಏನಾಯಿತು?" ಎಂದರು.

"ಪೆಟ್ಟಿಗೆ ಒಡೆಯಿತು. ನಾನು ಬಿಸಿ ಹೆಚ್ಚು ಮಾಡಿದೆ. ತಪ್ಪು ನನ್ನದು," ಎಂದೆ. ದಾರಿಯುದ್ದಕ್ಕೂ ಹಿಂದಿಯಲ್ಲಿ ಬಾಯಿಪಾಠ ಮಾಡಿಕೊಂಡು ಹೋದದ್ದು ಅಷ್ಟೇ.

ಅವರು ಚಪ್ಪಲಿ ಮೆಟ್ಟಿ ಗ್ಯಾರೇಜಿಗೆ ಬಂದರು. ಮುಚ್ಚಳದ ಮೇಲೆ ಕೈ ಆಡಿಸಿದರು. ಬಿರುಕಿನಲ್ಲಿ ಹೆಬ್ಬೆರಳಿನ ಉಗುರು ಇಟ್ಟು ಈ ತುದಿಯಿಂದ ಆ ತುದಿಗೆ ಎಳೆದರು.

"ನಾವು ಏಳು ಮಕ್ಕಳು ಇದರ ಮೇಲೆ ಕುಣಿದಿದ್ದೇವೆ," ಎಂದರು. "ಏಳು ಜನ ಒಡೆಯಲಿಲ್ಲ. ನೀನು ಒಬ್ಬ ಹತ್ತು ದಿನದಲ್ಲಿ ಒಡೆದೆ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬಗ್ಗಿ ಹೀಟರಿನ ಪ್ಲಗ್ ಕಿತ್ತರು. "ಇದು ಖಲಾಸ್. ಮದುವೆಯ ಮೊದಲಿನ ಗುರುವಾರ ಗಾಡಿ ಬರುತ್ತದೆ. ಅಷ್ಟರಲ್ಲಿ ಸರಿಯಾದರೆ ಪೆಟ್ಟಿಗೆ ಹೋಗುತ್ತದೆ. ಇಲ್ಲವಾದರೆ ಒಡೆದ ಪೆಟ್ಟಿಗೆ ನಾನು ಮಗಳಿಗೆ ಕೊಡುವುದಿಲ್ಲ. ಅಂಗಡಿಯಿಂದ ಹೊಸದು ತರುತ್ತೇನೆ." ಬಾಗಿಲ ತನಕ ಹೋಗಿ ತಿರುಗಿದರು. "ಅದನ್ನು ಅವಳಿಗೆ ಹೇಳಬೇಕಾದವನು ನಾನು. ನಿನಗೆ ಅದು ಗೊತ್ತಿರಲಿ."

ಇನ್ನು ಉಳಿದದ್ದು ಒಂದೇ ದಾರಿ. ಕಸಿದುಕೊಂಡದ್ದನ್ನು ಮರಕ್ಕೆ ವಾಪಸು ಕೊಡುವುದು. ನಾನು ಬಿಗಿಯಾಗಿ ಅಂಟಿಸಿದ್ದ ಅಡ್ಡಪಟ್ಟಿಯನ್ನು ಬಿಸಿನೀರಿನ ಬಟ್ಟೆ ಇಟ್ಟು, ತೆಳ್ಳಗಿನ ಉಳಿಯಿಂದ ಇಂಚಿಂಚಾಗಿ ಬಿಡಿಸಿದೆ. ಆಗ ಅರ್ಥವಾಯಿತು, ಹಳಬರು ಮೊಳೆಯ ತೂತು ಯಾಕೆ ಉದ್ದ ಮಾಡಿದ್ದರೆಂದು. ಚಳಿಗೆ, ಸೆಕೆಗೆ ಹಲಗೆ ಹಿಗ್ಗಿ ಕುಗ್ಗುವಾಗ ಮೊಳೆಗೆ ಸರಿಯಲು ಜಾಗ. ಅದನ್ನು ಒರಟು ಕೆಲಸ ಎಂದು ನಕ್ಕವನು ನಾನು.

ಆಮೇಲೆ ಸುಗುಣನ ಹತ್ತಿರ ಹೋಗಿ ನಿಂತೆ. "ಆ ಪಾತ್ರೆ..." ಎಂದೆ.

"ಯಾವ ಪಾತ್ರೆ?"

"ಹಿಟ್ಟಿಂದು. ಅಲ್ಲೇ ಇಡ್ಬಹುದು. ಬಟ್ಟೆ ಕೂಡ."

"ಅಬ್ಬಾ! ಮಡಿ ಮುಗೀತಾ?" ಎಂದಳು. ಝುಬೈದಳಿಗೂ ಕೇಳುವ ಹಾಗೆ ಹೇಳಿದಳು. ಅರ್ಧ ಗಂಟೆಯಲ್ಲಿ ಎರಡು ಮನೆಯ ಒದ್ದೆ ಬಟ್ಟೆ ಹಗ್ಗಕ್ಕೆ ಬಿತ್ತು. ಅಕ್ಕಿ ಗೋಣಿಗಳನ್ನು ನೀರಿನಲ್ಲಿ ಅದ್ದಿ ಗೋಡೆಗೆ ತೂಗುಹಾಕಿದೆ. ಎರಡು ಬಕೆಟ್ ನೀರು ಇಟ್ಟೆ. ಕಾಯುವುದು ಬಿಟ್ಟು ಮಾಡಲಿಕ್ಕೆ ಏನೂ ಇರಲಿಲ್ಲ. ಕೆಲಸ ಮಾಡಿ ಗೊತ್ತಿರುವವನಿಗೆ ಕೈ ಕಟ್ಟಿ ಕೂರುವಷ್ಟು ಕಷ್ಟ ಬೇರೆ ಇಲ್ಲ. ಪ್ರತಿದಿನ ಬಸ್ಸು ಇಳಿದು ನೇರ ಗ್ಯಾರೇಜಿಗೆ ಹೋಗಿ ಬಿರುಕಿನಲ್ಲಿ ಏನು ಹಿಡಿಯುತ್ತದೆ ಎಂದು ನೋಡುತ್ತಿದ್ದೆ. ಮೂರು ದಿನ ಕಂಪೆನಿ ಕಾರ್ಡೇ ಹೋಗುತ್ತಿತ್ತು. ನಾಲ್ಕನೇ ದಿನ ಅದು ಹಿಡಿಯಲಿಲ್ಲ, ಹಮೀದಾಕನ ಅಂಗಡಿಯ ವಿಸಿಟಿಂಗ್ ಕಾರ್ಡು ಹಿಡಿಯಿತು. ಎಂಟನೇ ದಿನ ಬರೀ ಕಾಗದ. ಅಬು ರಾಶಿದ್ ಕೂಡ ದಿನಾ ಸಂಜೆ ಬರುತ್ತಿದ್ದರು. ನನ್ನ ಲುಂಗಿಯನ್ನು ಒಂದು ಬೆರಳಲ್ಲಿ ಪಕ್ಕಕ್ಕೆ ಸರಿಸಿ ಒಳಗೆ ಬಂದು, ಹೆಬ್ಬೆರಳಿನ ಉಗುರು ಎಳೆದು ನೋಡಿ, ಮಾತಾಡದೆ ಹೋಗುತ್ತಿದ್ದರು. ಒಂದು ದಿನ ಮಾತ್ರ ಹಿಟ್ಟಿನ ಪಾತ್ರೆ ತೋರಿಸಿ "ಶಿನು ಹಾದಾ?" ಎಂದರು, ಇದೇನು ಎಂದು. "ಔಷಧಿ," ಎಂದರು ಪಕ್ಕದಲ್ಲಿದ್ದ ಹಮೀದಾಕ. ಅಬು ರಾಶಿದ್ ಮುಚ್ಚಳ ತೆಗೆದು ಮೂಸಿ, ಮುಖ ಹಿಂಡಿ, ಮುಚ್ಚಿಟ್ಟರು.

ಹನ್ನೆರಡನೇ ದಿನ ಕಾಗದವೂ ಹೋಗಲಿಲ್ಲ. ಬಿರುಕು ಹೋಗಿ ಗೆರೆ ಆಯಿತು. ಆ ಗೆರೆಯನ್ನು ಮುಚ್ಚದೆ ಹಾಗೇ ಬಿಟ್ಟೆ. ಅಡ್ಡಪಟ್ಟಿಯನ್ನು ಹಳೆಯ ತೂತಿನಲ್ಲೇ, ಹಳೆಯ ಮೊಳೆಯಲ್ಲೇ, ಹಳಬರು ಇಟ್ಟಿದ್ದಷ್ಟೇ ಸಡಿಲವಾಗಿ ಕೂರಿಸಿ, ಮೇಲೆ ತೆಳುವಾಗಿ ಎಣ್ಣೆ ಉಜ್ಜಿದೆ.

ಗುರುವಾರ ಗಾಡಿ ಬಂತು. ನಾನು ಅರ್ಧ ದಿನ ರಜೆ ಹಾಕಿದ್ದೆ. ಅಬು ರಾಶಿದ್ ಮುಚ್ಚಳದ ಮೇಲೆ ಉಗುರು ಎಳೆದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕಣ್ಣು ಹತ್ತಿರ ತಂದು ನೋಡಿದರು. "ಗೆರೆ ಇದೆ," ಎಂದರು.

"ಇದೆ. ಮುಚ್ಚಿದರೆ ಮತ್ತೆ ಒಡೆಯುತ್ತದೆ."

ಅವರು ಮುಚ್ಚಳವನ್ನು ಒಮ್ಮೆ ಎತ್ತಿ ಇಳಿಸಿದರು. ಆಮೇಲೆ ಹೊರುವವರಿಗೆ ಯಲ್ಲಾ ಎಂದು ಕೈ ಮಾಡಿದರು. ಪೆಟ್ಟಿಗೆ ಗಾಡಿಗೆ ಏರಿತು. ನಾನು ಗ್ಯಾರೇಜಿನ ಶಟರ್ ಎಳೆಯಲು ತಿರುಗಿದೆ. ಅಷ್ಟರಲ್ಲಿ ಅವರು ತಮ್ಮ ಕಾರಿನ ಬಾಗಿಲು ತೆಗೆದು ನನ್ನನ್ನು ಕರೆದರು. "ನೀನೂ ಬಾ."

ವಕ್ರದಲ್ಲಿ ಹೊಸ ಮನೆ. ಇನ್ನೂ ಯಾರೂ ಇರಲು ಬಂದಿರಲಿಲ್ಲ, ಬಣ್ಣದ ವಾಸನೆ. ಮದುಮಗ ಬಾಗಿಲಲ್ಲಿ ನಿಂತಿದ್ದ, ನಗುಮುಖದವನು. ಪೆಟ್ಟಿಗೆಯನ್ನು ಹಾಲಿನಲ್ಲಿ ದೊಡ್ಡ ಎಸಿಯ ಕೆಳಗೆ ಇಡಿಸಲು ಹೊರಟ. ಅಲ್ಲಿ ಎಲ್ಲರಿಗೂ ಕಾಣುತ್ತದೆ ಎಂದ. ಅಬು ರಾಶಿದ್ ಅವನ ಕೈ ಹಿಡಿದು ನಿಲ್ಲಿಸಿ, ನನ್ನ ಕಡೆ ತಿರುಗಿ, "ಮುಹಂದಿಸ್, ಎಲ್ಲಿ?" ಎಂದರು.

ನಾನು ಚಪ್ಪಲಿ ಹೊರಗೆ ಬಿಟ್ಟು ಕೋಣೆ ಕೋಣೆಗೆ ಹೋದೆ. ಎಸಿಯ ಗಾಳಿ ಎಲ್ಲಿ ಬೀಳುತ್ತದೆ ಎಂದು ಕೈ ಚಾಚಿ ನೋಡಿದೆ. ಸಂಜೆ ಬಿಸಿಲು ಯಾವ ಕಿಟಕಿಯಿಂದ ಎಲ್ಲಿಯ ತನಕ ಬರಬಹುದೆಂದು ಲೆಕ್ಕ ಹಾಕಿದೆ. ಗೋಡೆಗಳಿಗೆ ಅಂಗೈ ಒತ್ತಿ ನೋಡಿದೆ. ಅಬು ರಾಶಿದ್ ಅವರೂ ಇಬ್ಬರು ಹೊರುವವರೂ ಮದುಮಗನೂ ನನ್ನ ಹಿಂದೆ ಹಿಂದೆ ಬಂದರು. ಕೊನೆಗೆ ಒಳಗಿನ ಒಂದು ಕೋಣೆಯಲ್ಲಿ, ಬಡಗಣ ಗೋಡೆಯ ಹತ್ತಿರ ಒಂದು ಗೇಣು ಜಾಗ ಬಿಟ್ಟು, "ಇಲ್ಲಿ" ಎಂದೆ.

ಅವರು ಇಳಿಸಿದರು. ಅಬು ರಾಶಿದ್ ಅಳಿಯನಿಗೆ ಏನೋ ಹೇಳಿದರು. ಅರಬಿಯಲ್ಲಿ ಹೇಳಿದ್ದರಿಂದ ನನಗೆ ಎಲ್ಲ ಗೊತ್ತಾಗಲಿಲ್ಲ, ಮುಹಂದಿಸ್ ಎಂಬ ಶಬ್ದ ಒಂದು ಗೊತ್ತಾಯಿತು. ಆ ಮದುಮಗ ಇಂಗ್ಲಿಷ್ ಬಲ್ಲವನು, ನನಗಾಗಿ ನಿಧಾನ ಬಿಡಿಸಿ ಹೇಳಿದ: "ಈ ಮನೆಯಲ್ಲಿ ಏನು ಬೇಕಾದರೂ ಸರಿಸು, ಇದೊಂದನ್ನು ಸರಿಸುವುದಾದರೆ ಇವನನ್ನು ಕೇಳಿ ಸರಿಸು ಎನ್ನುತ್ತಿದ್ದಾರೆ." ಅವನ ಇಂಗ್ಲಿಷ್ ನನಗೆ ಪೂರ್ತಿ ಅರ್ಥವಾಯಿತು.

ಪೆಟ್ಟಿಗೆ ಈಗಲೂ ಅಲ್ಲೇ ಇದೆ. ಮೂರು ವರ್ಷದಲ್ಲಿ ಎರಡು ಸಲ ಫೋನ್ ಬಂದಿದೆ, ಸೋಫಾ ಬರುತ್ತಿದೆ, ಪೆಟ್ಟಿಗೆ ಒಂದು ಅಡಿ ಸರಿಸಬಹುದೇ ಎಂದು. ಎರಡು ಸಲವೂ ನಾನು ಶುಕ್ರವಾರ ಹೋಗಿ, ಗೋಡೆ ಮುಟ್ಟಿ ನೋಡಿ, ಹೇಳಿ ಬಂದೆ.

ಇಷ್ಟು ಬರೆಯಲು ನನಗೆ ಐದು ಸಂಜೆ ಹಿಡಿಯಿತು. ನಿಮ್ಮಲ್ಲೂ ಯಾರಾದರೂ ಜಾಗ್ರತೆ ಹೆಚ್ಚು ಮಾಡಲು ಹೋಗಿ ಚೆನ್ನಾಗಿದ್ದ ವಸ್ತುವನ್ನು ಕೆಡಿಸಿರಬಹುದು. ಅಥವಾ ಊರಿನಲ್ಲಿ ಕಲಿತದ್ದನ್ನು ಪರದೇಶದಲ್ಲಿ ಹಾಗೆಯೇ ಮಾಡಲು ಹೋಗಿ ಬಿದ್ದಿರಬಹುದು. ಒಬ್ಬನೇ ಬಿದ್ದವನು ನಾನಲ್ಲ ಎಂದು ತಿಳಿದರೆ ಸಮಾಧಾನ. ಕೆಳಗೆ ಜಾಗ ಇದೆ, ಎರಡು ಸಾಲಾದರೂ ಬರೆಯಿರಿ. ನಿಧಾನ ಒತ್ತಿದರೂ ಅಡ್ಡಿಯಿಲ್ಲ, ನಾನು ಓದುವುದೂ ನಿಧಾನವೇ.